ಮೀನಿಗೂ ಹವಳಕ್ಕೂ ಮನೆ ಕಟ್ಟಿ ನೋಡು

ಗಾಜು, ಅಂಟು, ಕೊಳವೆ, ಕಲ್ಲು... ನೀರಿಗೆ ತಾಗಿದ್ದೆಲ್ಲ ಸ್ವಲ್ಪಸ್ವಲ್ಪವಾಗಿ ನೀರಿನೊಳಗೆ ಸೇರುತ್ತದೆ. ತೊಟ್ಟಿ ಕಟ್ಟಲು ಹೊರಟವರು ಮೊದಲು ಕಲಿಯಬೇಕಾದ ಪಾಠ ಇದೇ.

2023ರ ಜುಲೈ 24. ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿರುವ ಮನಾಟೀ ಕೊಲ್ಲಿಯ ಮಾಪನ ಕೇಂದ್ರದಲ್ಲಿ ಸಮುದ್ರದ ನೀರಿನ ಉಷ್ಣಾಂಶ 38.4 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ದೀಪಾವಳಿಯಂದು ಎಣ್ಣೆಸ್ನಾನಕ್ಕೆ ನಾವು ಹದ ಮಾಡಿಕೊಳ್ಳುವ ಬಿಸಿನೀರು ಹೆಚ್ಚುಕಡಿಮೆ ಇಷ್ಟೇ ಬಿಸಿಯಾಗಿರುತ್ತದೆ! ಅದು ಆಳವಿಲ್ಲದ ಕೊಲ್ಲಿ, ನಿಜ. ಆದರೆ ಹೊರಗಿನ ಹವಳದ ದಿಬ್ಬಗಳ ಸುತ್ತಲಿನ ನೀರೂ ಆ ಬೇಸಿಗೆಯಲ್ಲಿ ವಾರಗಟ್ಟಲೆ ಕಾದೇ ಇತ್ತು.

ಅಲ್ಲಿನ ಸಮುದ್ರತಳದಲ್ಲಿ, ನಮ್ಮ ತೋಟಗಾರಿಕೆಯ ಸಸಿಮಡಿಗಳ ಹಾಗೆ, ಹವಳದ ಸಸಿಮಡಿಗಳನ್ನು ಬೆಳೆಸಿದ್ದರು. ಮುಳುಗುಗಾರರು ಅವುಗಳಿಂದ ಸಾವಿರಾರು ಹವಳದ ತುಂಡುಗಳನ್ನು ಕಿತ್ತು ದೋಣಿಗೆ ಏರಿಸಿ ದಡಕ್ಕೆ ತಂದರು. ಲಾಂಗ್ ಕೀ ಎಂಬ ದ್ವೀಪದಲ್ಲಿರುವ ಕೀಸ್ ಮರೀನ್ ಲ್ಯಾಬೊರೇಟರಿಯ ತೊಟ್ಟಿಗಳಲ್ಲಿ, ಹದವಾದ ಉಷ್ಣಾಂಶದ ನೀರಿನಲ್ಲಿ, ಅವುಗಳನ್ನು ಇಳಿಸಿದರು. ಕಡಲಿನ ಜೀವವನ್ನು ಕಡಲಿನಿಂದಲೇ ಕಾಪಾಡಲು ನೆಲದ ಮೇಲಿನ ತೊಟ್ಟಿಗೆ ತರಬೇಕಾದ ಕಾಲ ಬಂದಿತ್ತು.

ನಮ್ಮ ಮನೆಯ ಹಜಾರದಲ್ಲಿರುವ ಮೀನಿನ ತೊಟ್ಟಿಗೂ ಆ ಪ್ರಯೋಗಾಲಯದ ತೊಟ್ಟಿಗೂ ಗಾತ್ರದಲ್ಲಿ ವ್ಯತ್ಯಾಸವಿರಬಹುದು, ತತ್ತ್ವದಲ್ಲಿ ಇಲ್ಲ. ಎರಡಕ್ಕೂ ಎರಡೇ ಪರೀಕ್ಷೆ: ನೀರಿನ ನೂಕನ್ನು ತಡೆಯಬೇಕು, ನೀರಿಗೆ ವಿಷ ಬಿಡಬಾರದು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೋ ಮನೆಯ ಮೂಲೆಗೋ ತೊಟ್ಟಿ ಕಟ್ಟಬೇಕೆಂದು ಮಕ್ಕಳು ಹಟ ಹಿಡಿದಾಗ ತಂದೆತಾಯಿ ಕೇಳಬೇಕಾದದ್ದು "ಎಷ್ಟು ಖರ್ಚಾಗುತ್ತದೆ?" ಎಂಬುದಷ್ಟೇ ಅಲ್ಲ, "ಯಾವುದರಿಂದ ಕಟ್ಟುತ್ತೀಯ?" ಎಂಬುದನ್ನೂ.

ಕಲ್ಲಲ್ಲ, ಗಿಡವಲ್ಲ

ಉಂಗುರದ ಹವಳವನ್ನು ಕಂಡವರು ಅದೊಂದು ಕಲ್ಲು ಎಂದುಕೊಳ್ಳುತ್ತಾರೆ. ಸಮುದ್ರದಲ್ಲಿ ಕೊಂಬೆಕೊಂಬೆಯಾಗಿ ಹರಡಿದ್ದನ್ನು ಕಂಡವರು ಗಿಡ ಎನ್ನುತ್ತಾರೆ. ಹವಳ ಪ್ರಾಣಿ. ಪಾಲಿಪ್ ಎಂಬ ಪುಟ್ಟ ಪುಟ್ಟ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದು, ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಹೀರಿಕೊಂಡು ತಮ್ಮ ಸುತ್ತ ಕ್ಯಾಲ್ಸಿಯಂ ಕಾರ್ಬೊನೇಟಿನ ಗೂಡು ಕಟ್ಟುತ್ತವೆ. ಕಪ್ಪೆಚಿಪ್ಪು, ಸುಣ್ಣದ ಕಲ್ಲು ಇವುಗಳಲ್ಲಿರುವುದೂ ಇದೇ ವಸ್ತು. ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಸೂಕ್ಷ್ಮ ಪಾಚಿ ಬಿಡಾರ ಹೂಡಿರುತ್ತದೆ. ಅದು ಬಿಸಿಲಿನಲ್ಲಿ ಆಹಾರ ತಯಾರಿಸಿ ಮನೆಯ ಯಜಮಾನನಿಗೂ ಪಾಲು ಕೊಡುತ್ತದೆ.

ನೀರಿನ ಉಷ್ಣಾಂಶ ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ ಸಾಕು, ಈ ಸಂಸಾರ ಮುರಿಯುತ್ತದೆ. ಹವಳ ಪಾಚಿಯನ್ನು ಹೊರದಬ್ಬಿ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಒಂದು ಡಿಗ್ರಿಯ ವ್ಯತ್ಯಾಸಕ್ಕೇ ಹೀಗೆ ನರಳುವ ಪ್ರಾಣಿಗೆ ಮನೆ ಕಟ್ಟುವುದೆಂದರೆ ಹುಡುಗಾಟವಲ್ಲ.

ಗಾಜಿನ ಪೆಟ್ಟಿಗೆಯ ಹುಟ್ಟು

ಜಲಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಅಧ್ಯಯನ ಮಾಡುವ ಪದ್ಧತಿಗೆ ದಾರಿ ತೋರಿದವರಲ್ಲಿ ಫ್ರಾನ್ಸಿನ ಜೀನ್ ವಿಲ್‌ಪ್ರೊ-ಪವರ್ ಮೊದಲಿಗರು. ಒಂದು ಕಾಲಕ್ಕೆ ಪ್ಯಾರಿಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಈಕೆ ಮದುವೆಯ ನಂತರ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ ನೆಲೆಸಿದರು. 1832ರ ಸುಮಾರಿಗೆ ಗಾಜಿನ ತೊಟ್ಟಿ ಮಾಡಿಸಿ, ಆರ್ಗನಾಟ್ ಎಂಬ ಎಂಟು ತೋಳಿನ ಕಡಲಜೀವಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತದೆ, ಬೇರೆಯವರದನ್ನು ಕದಿಯುವುದಿಲ್ಲ ಎಂದು ತೋರಿಸಿಕೊಟ್ಟರು.

1850ರಲ್ಲಿ ಲಂಡನ್ನಿನ ರಸಾಯನತಜ್ಞ ರಾಬರ್ಟ್ ವಾರಿಂಗ್ಟನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಚಿನ್ನದ ಮೀನು, ನೀರುಗಿಡ, ಬಸವನಹುಳು ಮೂರನ್ನೂ ಒಟ್ಟಿಗೆ ಇಟ್ಟರೆ ನೀರು ಬಹುಕಾಲ ಕೆಡದೆ ಉಳಿಯುವುದನ್ನು ವರದಿ ಮಾಡಿದರು. ಗಿಡ ಮೀನಿಗೆ ಆಮ್ಲಜನಕ ಕೊಡುತ್ತದೆ, ಕೊಳೆಯುವ ಎಲೆಯನ್ನು ಬಸವನಹುಳು ತಿನ್ನುತ್ತದೆ. ಮೂರು ವರ್ಷಗಳ ನಂತರ, 1853ರಲ್ಲಿ, ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೆಯಿತು.

ಹವಳದ ಸರದಿ ಬಂದದ್ದು ಬಹಳ ತಡವಾಗಿ. ಇಂಡೊನೇಷ್ಯದ ಜಕಾರ್ತದಲ್ಲಿದ್ದ ಲೀ ಚಿನ್ ಎಂಗ್ ಎಂಬ ಹವ್ಯಾಸಿ, ಸಮುದ್ರದಿಂದ ಸೂಕ್ಷ್ಮಜೀವಿ ಸಮೇತ ತಂದ ಕಲ್ಲು, ಬಿಸಿಲು, ಗಾಳಿಯ ಗುಳ್ಳೆ ಇಷ್ಟರಿಂದಲೇ ಹವಳವನ್ನು ಬದುಕಿಸಿ, 1961ರಲ್ಲಿ ಆ ಬಗ್ಗೆ ಬರೆದರು. ನೀರನ್ನು ಶುದ್ಧವಾಗಿಡುವ ಕೆಲಸವನ್ನು ಕಲ್ಲಿನಲ್ಲಿದ್ದ ಜೀವಿಗಳೇ ಮಾಡುತ್ತಿದ್ದವು. ಇಂದಿನ ಹವಳದ ತೊಟ್ಟಿಗಳಲ್ಲಿಯೂ 'ಜೀವಂತ ಕಲ್ಲು' ಮುಖ್ಯ ಅಂಗ.

ನೀರಿನ ನೂಕು

ಈಗ ಕಟ್ಟಡದ ಲೆಕ್ಕಕ್ಕೆ ಬರೋಣ. ಪ್ರೌಢಶಾಲೆಯ ಭೌತಶಾಸ್ತ್ರ ಇಲ್ಲಿ ಸಾಕು.

ಮೂರಡಿ ಉದ್ದದ ಒಂದು ತೊಟ್ಟಿ ತೆಗೆದುಕೊಳ್ಳಿ: ಉದ್ದ 90 ಸೆಂ.ಮೀ., ಅಗಲ 45, ಎತ್ತರ 45. ತುಂಬಿದರೆ ಸುಮಾರು 180 ಲೀಟರ್, ಅಂದರೆ ನೀರೇ 180 ಕೆ.ಜಿ. ಗಾಜು 8 ಮಿ.ಮೀ. ದಪ್ಪದ್ದಾದರೆ ಅದೇ ಮತ್ತೆ 30 ಕೆ.ಜಿ.ಗೂ ಮೇಲೆ. ಮರಳು, ಕಲ್ಲು ಬೇರೆ. ಹಳೆಯ ಟೀಪಾಯಿಯ ಮೇಲೆ ಇಡುವ ಸರಕು ಇದಲ್ಲ!

ಭಾರವನ್ನು ಹೊರುವುದು ಸ್ಟ್ಯಾಂಡಿನ ಕೆಲಸ. ಗಾಜು ತಡೆಯಬೇಕಾದದ್ದು ಪಕ್ಕದ ನೂಕನ್ನು. ನೀರಿನ ಒತ್ತಡ ಮೇಲ್ಮೈಯಲ್ಲಿ ಸೊನ್ನೆ, ಕೆಳಗಿಳಿದಂತೆ ಹೆಚ್ಚು. ಕನ್ನಂಬಾಡಿ ಕಟ್ಟೆಯ ಗೋಡೆ ಬುಡದಲ್ಲಿ ದಪ್ಪವಾಗಿರುವುದು ಇದೇ ಕಾರಣಕ್ಕೆ. ಸರಾಸರಿ ಒತ್ತಡವನ್ನು ಗಾಜಿನ ವಿಸ್ತೀರ್ಣದಿಂದ ಗುಣಿಸಿ ನೋಡಿ: ನಮ್ಮ ತೊಟ್ಟಿಯ ಮುಂದಿನ ಗಾಜಿನ ಮೇಲೆ ಬೀಳುವ ನೂಕು ಸುಮಾರು 90 ಕೆ.ಜಿ. ತೂಕಕ್ಕೆ ಸಮ. ದಪ್ಪನೆಯ ಆಳೊಬ್ಬ ಹಗಲಿರುಳೂ ಗಾಜಿಗೆ ಒರಗಿ ನಿಂತ ಹಾಗೆ. ಉದ್ದ ಅಷ್ಟೇ ಇಟ್ಟು ಎತ್ತರವನ್ನು 60 ಸೆಂ.ಮೀ.ಗೆ ಏರಿಸಿದರೆ ನೂಕು 160 ಕೆ.ಜಿ. ದಾಟುತ್ತದೆ. ಎತ್ತರ ಎರಡರಷ್ಟಾದರೆ ನೂಕು ನಾಲ್ಕರಷ್ಟು. ಆದ್ದರಿಂದ ಹೊಸಬರು ತೊಟ್ಟಿಯನ್ನು ಎತ್ತರ ಮಾಡುವ ಬದಲು ಅಗಲ ಮಾಡುವುದು ಜಾಣತನ. ಮೀನಿಗೂ ಅದೇ ಹಿತ, ಏಕೆಂದರೆ ನೀರಿಗೆ ಆಮ್ಲಜನಕ ಸೇರುವುದು ಮೇಲ್ಮೈಯಿಂದ.

ಗಾಜಿನ ಬದಲು ಅಕ್ರಿಲಿಕ್ ಬಳಸಬಹುದೇ? ಬಳಸಬಹುದು. ಅದರ ತೂಕ ಗಾಜಿನ ಅರ್ಧದಷ್ಟೂ ಇಲ್ಲ, ಸುಲಭಕ್ಕೆ ಒಡೆಯುವುದಿಲ್ಲ, ಬೇಕಾದ ಹಾಗೆ ಬಾಗಿಸಬಹುದು. ಜಪಾನಿನ ಓಕಿನಾವದಲ್ಲಿ 2002ರಲ್ಲಿ ತೆರೆದ ಚುರಾವುಮಿ ಮತ್ಸ್ಯಾಲಯದ ದೊಡ್ಡ ತೊಟ್ಟಿಯ ಕಿಟಕಿ 22.5 ಮೀಟರ್ ಅಗಲ, 8.2 ಮೀಟರ್ ಎತ್ತರದ ಅಕ್ರಿಲಿಕ್ ಫಲಕ. ದಪ್ಪ 60 ಸೆಂ.ಮೀ. ಹಲವು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ್ದು. ಆದರೆ ಅಕ್ರಿಲಿಕ್ ಮೇಲೆ ಪಾಚಿ ತಿಕ್ಕುವಾಗ ಒಂದು ಮರಳ ಕಣ ಸಿಕ್ಕರೂ ಗೀರು ಬೀಳುತ್ತದೆ. ಅದು ನೀರು ಹೀರಿ ಕೊಂಚ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮನೆಯ ಪುಟ್ಟ ತೊಟ್ಟಿಗೆ ಸಾಮಾನ್ಯ ಗಾಜೇ ಮೇಲು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಗೆ ಬರ್ಲಿನ್ ಉದಾಹರಣೆ. ಅಲ್ಲಿನ ಹೋಟೆಲೊಂದರ ಪಡಸಾಲೆಯಲ್ಲಿ ಅಕ್ವಾಡಾಮ್ ಎಂಬ ಕಂಬದಾಕಾರದ ಅಕ್ರಿಲಿಕ್ ತೊಟ್ಟಿಯಿತ್ತು. ಹತ್ತು ಲಕ್ಷ ಲೀಟರ್ ಉಪ್ಪುನೀರು, ಸುಮಾರು 1,500 ಮೀನು. 2022ರ ಡಿಸೆಂಬರ್ 16ರ ನಸುಕಿನಲ್ಲಿ ಅದು ಸಿಡಿಯಿತು. ನೀರು ಬೀದಿಗೆ ನುಗ್ಗಿತು, ಇಬ್ಬರಿಗೆ ಗಾಯವಾಯಿತು, ಹೆಚ್ಚಿನ ಮೀನುಗಳೆಲ್ಲ ಸತ್ತವು. ಹಗಲು ಹೊತ್ತಾಗಿದ್ದರೆ ಜನರ ಗತಿ ಏನಾಗುತ್ತಿತ್ತೋ! ಖಚಿತ ಕಾರಣವನ್ನು ಹೇಳಲು ತಜ್ಞರಿಗೆ ಆಗಲಿಲ್ಲ. ಅವರು ಮುಂದಿಟ್ಟ ಸಾಧ್ಯತೆಗಳಲ್ಲಿ ಅಂಟಿನ ಬೆಸುಗೆ ಬಿಟ್ಟಿದ್ದೂ ಒಂದು.

ನೀರಿಗೆ ವಿಷವಾಗುವ ವಸ್ತುಗಳು

ಸೋರದ ತೊಟ್ಟಿಯೆಲ್ಲ ಒಳ್ಳೆಯ ತೊಟ್ಟಿಯಲ್ಲ. ಒಂದು ಹನಿಯೂ ಸೋರದ ತೊಟ್ಟಿಯಲ್ಲಿ ಮೀನು ಬೆಳಗಾಗುವುದರೊಳಗೆ ಸತ್ತಿರಬಹುದು.

ತಾಮ್ರವನ್ನೇ ನೋಡಿ. ತಾಮ್ರದ ಚೊಂಬಿನ ನೀರು ಆರೋಗ್ಯಕ್ಕೆ ಒಳ್ಳೆಯದು ಎನ್ನುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಆದರೆ ಹವಳ, ಸಿಗಡಿ, ಬಸವನಹುಳುಗಳಿಗೆ ಕರಗಿದ ತಾಮ್ರ ಕಡುವಿಷ. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತ ಮಲೆನಾಡಿನವರಿಗೆ ಗೊತ್ತು. ಅದೇ ಮೈಲುತುತ್ತವನ್ನು ಸಮುದ್ರದ ಮೀನಿನ ಚುಕ್ಕೆ ರೋಗಕ್ಕೂ ಔಷಧಿಯಾಗಿ ಬಳಸುತ್ತಾರೆ. ತಾಮ್ರದ ಪ್ರಮಾಣ ಲೀಟರಿಗೆ 0.2 ಮಿಲಿಗ್ರಾಂನಷ್ಟಿದ್ದರೆ ಸಾಕು, ರೋಗಾಣು ಸಾಯುತ್ತದೆ. ಮೀನು ತಡೆದುಕೊಳ್ಳುತ್ತದೆ, ಹವಳ ತಡೆದುಕೊಳ್ಳುವುದಿಲ್ಲ. ಆದ್ದರಿಂದಲೇ ಮೀನಿನ ಚಿಕಿತ್ಸೆಯ ತೊಟ್ಟಿಯನ್ನು ಹವಳದ ತೊಟ್ಟಿಯಿಂದ ದೂರ ಇಡುತ್ತಾರೆ. ಒಂದೇ ಬಕೆಟ್, ಒಂದೇ ಬಲೆ ಎರಡಕ್ಕೂ ಬಳಸುವುದಿಲ್ಲ. ಹವಳದ ತೊಟ್ಟಿಗೆ ಒಂದು ಹಿತ್ತಾಳೆಯ ನಲ್ಲಿ ಹಾಕಿದರೂ ಕೆಟ್ಟಿತು, ಏಕೆಂದರೆ ಹಿತ್ತಾಳೆಯಲ್ಲಿ ಹೆಚ್ಚಿನ ಪಾಲು ತಾಮ್ರವೇ. ಉಪ್ಪುನೀರು ಅದನ್ನು ದಿನದಿನವೂ ತಿನ್ನುತ್ತದೆ.

ಜಿ.ಐ. ಪೈಪಿನ ಮೇಲಿರುವುದು ಸತುವಿನ ಲೇಪ. ಅದೂ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಅಡುಗೆಮನೆಯಲ್ಲಿ ತುಕ್ಕು ಹಿಡಿಯದು, ಆದರೆ ಸಮುದ್ರದ ನೀರಿನಲ್ಲಿ ಸಾಮಾನ್ಯ ದರ್ಜೆಯ ಸ್ಟೀಲಿಗೂ ತುಕ್ಕಿನ ಚುಕ್ಕೆ ಏಳುತ್ತದೆ. ನೀರು ತಣಿಸುವ ಯಂತ್ರಗಳಲ್ಲಿ ಉಪ್ಪುನೀರು ತಾಗುವ ಸುರುಳಿಯನ್ನು ದುಬಾರಿಯಾದರೂ ಟೈಟಾನಿಯಂನಿಂದ ಮಾಡುವುದು ಇದಕ್ಕಾಗಿಯೇ. ಕೊಳವೆಗೆ ಕುಡಿಯುವ ನೀರಿನ ದರ್ಜೆಯ ಪಿ.ವಿ.ಸಿ., ನೀರು ಶೇಖರಣೆಗೆ ಆಹಾರ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮು ನಂಬಿಕಸ್ಥ ವಸ್ತುಗಳು. ಸಂಶೋಧನಾ ಕೇಂದ್ರಗಳಲ್ಲಿ, ಮೀನುಮರಿ ಉತ್ಪಾದನಾ ಘಟಕಗಳಲ್ಲಿ ಫೈಬರ್ ಗಾಜಿನ ತೊಟ್ಟಿಗಳನ್ನು ಹೆಚ್ಚಾಗಿ ಕಾಣುತ್ತೇವೆ. ಹೊಸ ಫೈಬರ್ ತೊಟ್ಟಿಯನ್ನು ರಾಳದ ವಾಸನೆ ಪೂರಾ ಹೋಗುವವರೆಗೆ ಒಣಗಿಸಿ, ನೀರು ತುಂಬಿ ಚೆಲ್ಲಿ, ಆಮೇಲೆ ಬಳಸಬೇಕು.

ಹಿತ್ತಲಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿಸುವವರು ಇನ್ನೊಂದು ಎಚ್ಚರ ವಹಿಸಬೇಕು. ಹೊಸ ಸಿಮೆಂಟು ಸುಣ್ಣ ಬಿಡುತ್ತದೆ. ಸಮುದ್ರದ ನೀರಿನ ಪಿ.ಎಚ್. 8.1ರ ಆಸುಪಾಸಿನಲ್ಲಿದ್ದರೆ ಹೊಸ ಸಿಮೆಂಟ್ ತೊಟ್ಟಿಯ ನೀರಿನದು 11 ದಾಟಬಹುದು. ಅಂಥ ನೀರು ಮೀನಿನ ಕಿವಿರನ್ನು ಸುಡುತ್ತದೆ. ಬಾಳೆದಿಂಡಿನ ತುಂಡು ಹಾಕಿ ನೆನೆಸುವುದು ನಮ್ಮ ಕಡೆ ರೂಢಿ. ಏನೇ ಹಾಕಿದರೂ ಕೆಲವು ವಾರಗಳ ಕಾಲ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸುವುದು ತಪ್ಪದು. ಕೊನೆಗೆ ಪಿ.ಎಚ್. ಕಾಗದ ಅದ್ದಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಇನ್ನು ಅಂಟು. ಹಿಂದಿನ ತೊಟ್ಟಿಗಳು ಕಬ್ಬಿಣದ ಚೌಕಟ್ಟಿಗೆ ಪುಟ್ಟಿ ಮೆತ್ತಿ ಗಾಜು ಕೂರಿಸಿದವು. ಚೌಕಟ್ಟು ತುಕ್ಕು ಹಿಡಿಯುತ್ತಿತ್ತು, ಪುಟ್ಟಿ ಒಣಗಿ ಬಿರುಕು ಬಿಡುತ್ತಿತ್ತು. ಸಿಲಿಕೋನ್ ಅಂಟು ಬಂದ ಮೇಲೆ ಚೌಕಟ್ಟೇ ಬೇಡವಾಯಿತು. ಗಾಜಿನಲ್ಲಿರುವ ಸಿಲಿಕಾನ್-ಆಮ್ಲಜನಕದ ಬಂಧವೇ ಈ ಅಂಟಿನ ಬೆನ್ನೆಲುಬು, ಹಾಗಾಗಿ ಎರಡೂ ಬಿಗಿಯಾಗಿ ಬೆಸೆಯುತ್ತವೆ. ಒಣಗುವಾಗ ವಿನೆಗರ್ ವಾಸನೆ ಬರುತ್ತದೆ, ಅದು ಅಸೆಟಿಕ್ ಆಮ್ಲ. ಪೂರಾ ಒಣಗಿದ ಮೇಲೆ ಅಪಾಯವಿಲ್ಲ. ಆದರೆ ಬಚ್ಚಲುಮನೆಯ ಟೈಲ್ಸ್ ಸಂದಿಗೆ ಹಾಕುವ, ಬೂಷ್ಟು ಹಿಡಿಯದಂತೆ ಔಷಧಿ ಬೆರೆಸಿದ ಸಿಲಿಕೋನ್ ಮಾತ್ರ ತರಬಾರದು. ಬೂಷ್ಟನ್ನು ಕೊಲ್ಲುವ ಔಷಧಿ ಮೀನನ್ನೂ ಬಿಡದು. ಅಂಗಡಿಯಲ್ಲಿ ಅಕ್ವೇರಿಯಂ ಸಿಲಿಕೋನ್ ಎಂದೇ ಕೇಳಿ, ಟ್ಯೂಬಿನ ಮೇಲೆ ಬರೆದದ್ದನ್ನು ಓದಿ.

ಎರಡಡಿ ತೊಟ್ಟಿ ಕಟ್ಟುವ ಬಗೆ

ವಿದ್ಯಾರ್ಥಿಗಳು 60 x 30 x 30 ಸೆಂ.ಮೀ. ತೊಟ್ಟಿಯಿಂದ ಪ್ರಾರಂಭಿಸಬಹುದು. ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. 5 ಮಿ.ಮೀ. ಗಾಜು ಸಾಕು. ತಳಕ್ಕೆ ಒಂದು, ಹಿಂದೆ ಮುಂದೆ ಎರಡು, ಈ ಮೂರೂ 60 x 30. ಪಕ್ಕದ ಎರಡು ಗಾಜುಗಳ ಅಳತೆಯಲ್ಲಿ ಎಡವುವವರೇ ಹೆಚ್ಚು. ಅವು ಹಿಂದುಮುಂದಿನ ಗಾಜುಗಳ ನಡುವೆ ಕೂರಬೇಕು. ಆದ್ದರಿಂದ 30 ಸೆಂ.ಮೀ.ನಿಂದ ಎರಡು ಗಾಜಿನ ದಪ್ಪವನ್ನೂ (1 ಸೆಂ.ಮೀ.) ಎರಡು ಕಡೆಯ ಅಂಟಿನ ದಪ್ಪವನ್ನೂ (2 ಮಿ.ಮೀ.) ಕಳೆಯಿರಿ. ಅಗಲ 28.8, ಎತ್ತರ 30 ಸೆಂ.ಮೀ. ಎಂದು ಗಾಜಿನಂಗಡಿಯವರಿಗೆ ಬರೆದುಕೊಡಿ. ಅಂಚುಗಳನ್ನು ಸಾಣೆ ಹಿಡಿಸಿಯೇ ತನ್ನಿ. ಗಾಜು ಎತ್ತುವಾಗ ಕೈಗವಸು ಇರಲಿ, ಪಕ್ಕದಲ್ಲಿ ದೊಡ್ಡವರೊಬ್ಬರು ಇರಲಿ.

ಅಂಟು ಹಚ್ಚುವ ಅಂಚನ್ನು ಸ್ಪಿರಿಟ್ಟಿನಿಂದ ಒರೆಸಿ. ಅಲ್ಲಿ ಬೆರಳಿನ ಜಿಡ್ಡು ಉಳಿದರೆ ಅಂಟು ಹಿಡಿಯುವುದಿಲ್ಲ. ತಳದ ಗಾಜನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಅಂಚಿನುದ್ದಕ್ಕೂ ಎಲ್ಲೂ ಕಡಿಯದ ಹಾಗೆ ಸಿಲಿಕೋನ್ ಎಳೆಯಿರಿ. ಹಿಂದಿನ ಗಾಜು, ಎರಡು ಪಕ್ಕ, ಕೊನೆಗೆ ಮುಂದಿನದು, ಹೀಗೆ ಒಂದೊಂದಾಗಿ ನಿಲ್ಲಿಸಿ ಹೊರಗಿನಿಂದ ಟೇಪು ಸುತ್ತಿ. ತೀರ ಒತ್ತಿ ಹಿಡಿದರೆ ಅಂಟೆಲ್ಲ ಹೊರಗೆ ಬಂದು ಸಂದಿ ಬಡವಾಗುತ್ತದೆ. ಒಳಮೂಲೆಗಳಿಗೆ ಇನ್ನೊಂದು ಎಳೆ ಹಾಕಿ ಬೆರಳಿನಿಂದ ಒಂದೇ ಬಾರಿಗೆ ಸವರಿ ಬಿಡಿ. ಮತ್ತೆ ಮತ್ತೆ ಸವರಿದರೆ ಅರ್ಧ ಗಟ್ಟಿಯಾದ ಪೊರೆ ಹರಿಯುತ್ತದೆ.

ಈಗ ನಿಜವಾದ ಪರೀಕ್ಷೆ: ಕಾಯುವುದು. ಸಿಲಿಕೋನ್ ಗಾಳಿಯ ತೇವವನ್ನು ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ. ಮರುದಿನ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಒಂದು ವಾರ ಬಿಡಿ. ವಿನೆಗರ್ ವಾಸನೆ ಸ್ವಲ್ಪವೂ ಬರಬಾರದು. ಬಳಿಕ ತೊಟ್ಟಿಯನ್ನು ಅಂಗಳದಲ್ಲಿಟ್ಟು ನೀರು ತುಂಬಿ ಎರಡು ದಿನ ನೋಡಿ. ಹಜಾರದಲ್ಲಿ ಸೋರುವುದಕ್ಕಿಂತ ಅಂಗಳದಲ್ಲಿ ಸೋರುವುದು ವಾಸಿ.

ಸ್ಟ್ಯಾಂಡು ಮಟ್ಟವಾಗಿದೆಯೇ ಎಂದು ಗಾರೆಯವರ ರಸಮಟ್ಟ ಇಟ್ಟು ನೋಡಿ. ಸ್ಟ್ಯಾಂಡಿಗೂ ಗಾಜಿಗೂ ನಡುವೆ ಥರ್ಮೋಕೋಲ್ ಹಾಳೆ ಹಾಸಿ. ಒಂದು ಮರಳ ಕಣ ಅಡಿಗೆ ಸಿಕ್ಕರೂ 50 ಕೆ.ಜಿ. ನೀರಿನ ಭಾರವೆಲ್ಲ ಆ ಒಂದು ಬಿಂದುವಿನ ಮೇಲೆ ಒತ್ತಿ ಗಾಜು ಸೀಳಬಹುದು.

ಗಾಳಿಯ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು. ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ ಇಳಿಯುವ ಅಪಾಯವಿದೆ. ದೊಡ್ಡ ತೊಟ್ಟಿಗಳಲ್ಲಿ ಕೆಳಗಿನ ಶೋಧಕ ತೊಟ್ಟಿಯಿಂದ ಮೇಲಕ್ಕೆ ನೀರು ಬಿಡುವ ಕೊಳವೆಗೆ, ನೀರಿನ ಮಟ್ಟದ ಅಂಚಿನಲ್ಲಿ ಒಂದು ಸಣ್ಣ ತೂತು ಕೊರೆಯುತ್ತಾರೆ. ಪಂಪು ನಿಂತಾಗ ಆ ತೂತಿನಿಂದ ಗಾಳಿ ನುಗ್ಗಿ ನೀರಿನ ಹಿಮ್ಮುಖ ಹರಿವನ್ನು ಕಡಿಯುತ್ತದೆ. ಆ ತೂತಿಗೆ ಪಾಚಿ ಕಟ್ಟಿದ ದಿನ ಕರೆಂಟು ಹೋದರೆ ನೆಲವೆಲ್ಲ ನೀರು!

ಕಾಣದ ಕೆಲಸಗಾರರು

ತೊಟ್ಟಿ ಸಿದ್ಧವಾಯಿತು. "ಅಪ್ಪಾ, ಇವತ್ತೇ ಮೀನು ತರೋಣ" ಎಂದು ಮಕ್ಕಳು ಕುಣಿಯುತ್ತಾರೆ. ಹೊಸ ತೊಟ್ಟಿಗಳ ಮೀನು ಹೆಚ್ಚಾಗಿ ಸಾಯುವುದು ಈ ಅವಸರದಿಂದಲೇ.

ಮೀನು ವಿಸರ್ಜಿಸುವ ಅಮೋನಿಯ ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದರಿಂದ ಅಷ್ಟು ಅಪಾಯವಿಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಗಳು ಸ್ಪಂಜು, ಮರಳು, ಕಲ್ಲುಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಳೆಯ, ಆರೋಗ್ಯವಂತ ತೊಟ್ಟಿಯೊಂದರ ಸ್ಪಂಜಿನ ತುಂಡು ತಂದು ಹಾಕಿದರೆ ಬೇಗ ಹೆಪ್ಪುಗಟ್ಟುತ್ತದೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಮೊದಲು ಎರಡು ಮೂರು ಗಪ್ಪಿ ಮೀನು ಸಾಕು. ಶೋಧಕದ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್ ಈ ಕೆಲಸಗಾರರನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಹವಳ ಸಾಕಬಹುದೇ?

ಹವಳದ ತೊಟ್ಟಿಗೆ ಇಷ್ಟೆಲ್ಲದರ ಮೇಲೆ ಇನ್ನೂ ಬೇಕು: ಲೀಟರಿಗೆ 35 ಗ್ರಾಂ ಲವಣ, 400 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, 25-27 ಡಿಗ್ರಿ ಉಷ್ಣಾಂಶ, ಪ್ರಬಲ ಬೆಳಕು, ನಿಲ್ಲದ ಅಲೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಹಾಗಾಗಿ ದಿನವೂ ಸಿಹಿನೀರು ಸೇರಿಸಿ ಸರಿದೂಗಿಸಬೇಕು.

ಆದರೆ ನಮ್ಮ ಮನೆಗಳಿಗೆ ಉತ್ತರ ಸ್ಪಷ್ಟ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳು, ಕಪ್ಪು ಹವಳ, ಕಡಲ ಬೀಸಣಿಗೆ ಮುಂತಾದವು ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ. ಮುರುಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ಕಛ್ ಕೊಲ್ಲಿ, ಅಂಡಮಾನ್‌ಗಳಲ್ಲಿ ದಿಬ್ಬಗಳೇ ಇವೆ. ಅಲ್ಲಿಗೆ ಹೋದವರು ಒಂದು ಸತ್ತ ತುಂಡನ್ನೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳೂ ಬಿಳಿಚಿಕೊಂಡವು.

ಫ್ಲಾರಿಡಾದ ಕಥೆ ಮುಗಿಸಿಲ್ಲ. ಅಲ್ಲಿನ ದಿಬ್ಬಗಳನ್ನು ಕಟ್ಟಿದ್ದು ಮುಖ್ಯವಾಗಿ ಕೊಂಬಿನಾಕಾರದ ಎರಡು ಜಾತಿಯ ಹವಳಗಳು. 2023ರ ಬಿಸಿಗೆ ಕೀಸ್ ದ್ವೀಪಸಾಲಿನಲ್ಲಿದ್ದ ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸತ್ತವೆಂದು 2025ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ದಡದ ತೊಟ್ಟಿಗಳಲ್ಲಿ ಉಳಿಸಿಕೊಂಡ ತುಂಡುಗಳೇ ಈಗ ಬಿತ್ತನೆಯ ಬೀಜ. ಮತ್ತೊಂದು ಜಾತಿ, ಕಂಬ ಹವಳ, ರೋಗದಿಂದ ಅಲ್ಲಿ ಕಣ್ಮರೆಯಾಗುತ್ತಿತ್ತು. 2019ರ ಆಗಸ್ಟ್‌ನಲ್ಲಿ ಟ್ಯಾಂಪಾದ ಫ್ಲಾರಿಡಾ ಅಕ್ವೇರಿಯಂನವರು ತೊಟ್ಟಿಯ ಮೇಲೆ ಸೂರ್ಯೋದಯ, ಸೂರ್ಯಾಸ್ತ, ಹುಣ್ಣಿಮೆಯ ಬೆಳಕನ್ನು ದೀಪಗಳಿಂದಲೇ ಮೂಡಿಸಿ ಅದು ಮೊಟ್ಟೆಯಿಡುವಂತೆ ಮಾಡಿದರು. ಅಂಥ ಕಡೆ ಕೆಲಸ ಮಾಡಲು ಗಾಜು, ಅಂಟು, ತಾಮ್ರ, ಸುಣ್ಣಗಳ ಗುಣ ಬಲ್ಲವರು ಬೇಕು. ಎರಡಡಿ ತೊಟ್ಟಿ ಕಟ್ಟಿ, ಒಂದು ವಾರ ಅಂಟು ಒಣಗಲು ಕಾದು, ಒಂದು ತಿಂಗಳು ನೀರು ಹದಗೊಳ್ಳಲು ಕಾದು, ಆಮೇಲೆ ಎರಡು ಗಪ್ಪಿ ಬಿಟ್ಟ ಹುಡುಗ ಹುಡುಗಿಯರು ಆ ವಿದ್ಯೆಯ ಮೊದಲ ಪಾಠ ಮುಗಿಸಿದ ಹಾಗೆ.

ನೆನಪಿಡಿ

* ಸೋಪಿನ ನೀರು ಮುಟ್ಟಿದ ಬಕೆಟ್ಟನ್ನು ತೊಟ್ಟಿಗೆ ಬಳಸಬೇಡಿ. ತೊಟ್ಟಿಗೇ ಒಂದು ಬಕೆಟ್ ಮೀಸಲಿಡಿ.
* ಸೊಳ್ಳೆ, ಜಿರಲೆಗೆ ಹೊಡೆಯುವ ಸ್ಪ್ರೇಯನ್ನು ತೊಟ್ಟಿ ಇರುವ ಕೋಣೆಯಲ್ಲಿ ಹೊಡೆಯಬೇಡಿ. ಅದು ಮೀನಿಗೆ ಕಡುವಿಷ.
* ವಿದ್ಯುತ್ ತಂತಿ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೇರಿರಲಿ, ಆಗ ತಂತಿಗುಂಟ ಬಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ. ನೀರಿಗೆ ಕೈ ಹಾಕುವ ಮುನ್ನ ಪ್ಲಗ್ ಕೀಳಿ.
* ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಬಳಸಿ.
* ಮೀನು ಬೇಡವಾದರೆ ಕೆರೆಗೆ ಬಿಡಬೇಡಿ, ಅಂಗಡಿಗೆ ಮರಳಿಸಿ. ಹೀಗೆ ಬಿಟ್ಟ ಸಕ್ಕರ್ ಮೀನು ನಮ್ಮ ಕೆರೆ ಹೊಳೆಗಳಿಗೆ ಉಪದ್ರವವಾಗಿದೆ.